ಮೂರು ಬೆರಳಿನಷ್ಟು ಅಂಚು

ಮೂರು ಕಡೆ ಕತ್ತರಿಸಿ ಮುಗಿದಿತ್ತು. ನಾಲ್ಕನೆಯ ಗೀಟಿನ ಮೇಲೆ ಬ್ಲೇಡು ಊರಿ ಎಳೆಯುತ್ತಿರುವಾಗಲೇ ಅಂಗಡಿಯ ಬಾಗಿಲು ಕಿರ್ರೆಂದಿತು. ಅವಳು ತಲೆ ಎತ್ತಲಿಲ್ಲ. ರಟ್ಟಿನೊಳಗೆ ಓರೆಯಾಗಿ ಇಳಿದ ಬ್ಲೇಡನ್ನು ನಡುವೆ ನಿಲ್ಲಿಸಿದರೆ ಅಂಚು ಇಲಿ ಕಡಿದ ಹಾಗಾಗುತ್ತದೆ. ಒಂದೇ ಉಸಿರಿನಲ್ಲಿ ಕೊನೆ ಮುಟ್ಟಿಸಬೇಕು. ಮುಟ್ಟಿಸಿದಳು. ರಟ್ಟಿನ ನಡುಭಾಗ ತಾನಾಗಿ ಕಳಚಿ ಮೇಜಿನ ಮೇಲೆ ಬಿತ್ತು. ಉಳಿದದ್ದು ಒಂದು ಕಿಟಕಿ. ಅದರ ಹಿಂದೆ ಯಾರದೋ ಮದುವೆಯ ಫೋಟೋ ಕೂರಬೇಕು, ಮುಂದೆ ಗಾಜು, ಸುತ್ತ ಮರದ ಕಟ್ಟು.

“ಕೈ ಬಿಡುವಿದ್ಯಾ ಅಕ್ಕಾ?”

“ಬಿಡುವಿದ್ದಿದ್ರೆ ಬೆರಳಿಗೆಲ್ಲ ಯಾಕೆ ಹೀಗೆ ಪಟ್ಟಿ ಸುತ್ಕೊಂಡಿರ್ತಿದ್ದೆ? ಬಾ ಒಳಗೆ. ಚಪ್ಪಲಿ ಬಿಡ್ಬೇಡ, ಗಾಜಿನ ಚೂರು ಬಿದ್ದಿದೆ.”

ಬಂದವಳು ಓರಗಿತ್ತಿ, ಮೈದುನನ ಹೆಂಡತಿ. ಅತ್ತೆ ಬದುಕಿದ್ದಷ್ಟು ದಿನ ಇಬ್ಬರು ಸೊಸೆಯರನ್ನೂ ಹೆಸರು ಹಿಡಿದು ಕರೆದವರಲ್ಲ. ಇವಳು ದೊಡ್ಡವಳು, ಅವಳು ಚಿಕ್ಕವಳು. ಅತ್ತೆ ಹೋದ ಮೇಲೂ ಮನೆಮಂದಿಯ ಬಾಯಲ್ಲಿ ಅದೇ ಉಳಿಯಿತು. ಇಬ್ಬರೂ ಐವತ್ತು ದಾಟಿದವರು, ಇಬ್ಬರಿಗೂ ಓದುವುದಕ್ಕೆ ಕನ್ನಡಕ ಬೇಕು, ಆದರೂ ಚಿಕ್ಕವಳು ಚಿಕ್ಕವಳೇ.

ಅವಳ ಕಂಕುಳಲ್ಲಿ ಹಳೆಯ ದಿಂಬಿನ ಚೀಲ ಸುತ್ತಿದ ಚಪ್ಪಟೆಯಾದದ್ದೇನೋ ಇತ್ತು. ಏನೆಂದು ದೊಡ್ಡವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೇಳಲಿಲ್ಲ. ಬಿದ್ದ ರಟ್ಟನ್ನು ಎತ್ತಿಟ್ಟಳು. ಮೇಜು ಒರೆಸಿದಳು. ಇನ್ನೂ ಸವೆದಿರದ ಬ್ಲೇಡನ್ನು ತೆಗೆದು ಹೊಸದು ಹಾಕಿದಳು.

“ಮುಗೀತು ಅಕ್ಕಾ. ಗ್ಯಾಲರಿ ಮೇಡಂ ಕೇಳಿದ್ರಲ್ಲ, ಅದೇ.”

“ಹ್ಞೂಂ. ಅಲ್ಲಿಡು.”

“ನೋಡಲ್ವಾ?”

“ನೋಡ್ದೇ ಕಟ್ಟು ಹಾಕೋಕಾಗುತ್ತಾ? ನೋಡ್ತೀನಿ ಇರು.”

ಚಿತ್ರಗಳಿಗೆ ಕಟ್ಟು ಹಾಕುವುದು ಅವರ ಅಂಗಡಿಯ ಕೆಲಸ. ಗಂಡ ಮರದ ಪಟ್ಟಿ ಕೊಯ್ದು ಮೂಲೆ ಕೂಡಿಸುತ್ತಾನೆ. ಗಾಜು ಕೊಯ್ಯುವುದು, ಮೌಂಟ್ ಕತ್ತರಿಸುವುದು ಇವಳದು. ಚಿತ್ರಕ್ಕೂ ಮರಕ್ಕೂ ನಡುವೆ ಬರುವ ಆ ರಟ್ಟಿನ ಅಂಚಿನ ಬಣ್ಣ ಒಂದಿಷ್ಟು ತಪ್ಪಿದರೂ ಚಿತ್ರ ಸತ್ತುಬೀಳುತ್ತದೆ. ಬಣ್ಣ ಆರಿಸುವುದರಲ್ಲಿ ಇವಳ ಕಣ್ಣಿಗೆ ಹೆಸರಿತ್ತು. ದೊಡ್ಡ ದೊಡ್ಡ ಚಿತ್ರಗಾರರೂ ಬಂದು “ನೀವೇ ಹೇಳಿ, ಇದಕ್ಕೆ ಯಾವುದು?” ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದರು. ತಿಂಗಳಿಗೊಮ್ಮೆ ಚಿತ್ರಗಳ ಹೊರೆ ತರುತ್ತಿದ್ದ ಗ್ಯಾಲರಿಯ ಮೇಡಂ ಅಂತೂ ಹೋಗುವಾಗ ಒಂದು ಮಾತು ಬಿಟ್ಟೇ ಹೋಗುತ್ತಿದ್ದರು: “ಇಂಥ ಕಣ್ಣಿಟ್ಕೊಂಡು ಸುಮ್ನಿದ್ದೀರಲ್ಲ, ಒಂದು ದಿನ ನೀವೂ ಬರೀಬೇಕು.”

ದೊಡ್ಡವಳು ನಗುತ್ತಿದ್ದಳು. “ಮಗಳ ಮದುವೆ ಆಗ್ಲಿ ಮೇಡಂ.” ಮಗಳ ಮದುವೆಯಾಯಿತು. “ಬಾಣಂತನ ಒಂದು ಮುಗೀಲಿ.” ಅದೂ ಮುಗಿಯಿತು. “ಇವರ ಮಂಡಿನೋವು ಸ್ವಲ್ಪ ಹದಕ್ಕೆ ಬರ್ಲಿ.” ಆ ‘ಒಂದು ದಿನ’ವನ್ನು ಅವಳು ಬೀರುವಿನ ಒಳಖಾನೆಯಲ್ಲಿ ಇಟ್ಟ ಒಡವೆಯ ಹಾಗೆ ಇಟ್ಟುಕೊಂಡಿದ್ದಳು. ಹಾಕಿಕೊಳ್ಳುವ ಅವಸರವಿರಲಿಲ್ಲ. ಇದೆ ಎನ್ನುವುದೇ ಸಾಕಾಗಿತ್ತು. ಗಿರಾಕಿಗಳ ಗೋಡೆಗೆ ಕಟ್ಟು ಕಳಿಸುವಾಗೆಲ್ಲ, ಇದಕ್ಕಿಂತ ಚೆನ್ನಾಗಿ ನಾನು ಬರೆದೇನು, ಬರೆದಾಗ, ಎಂದುಕೊಂಡು ಸುತ್ತಿ ಕೊಡುತ್ತಿದ್ದಳು.

ಚಿಕ್ಕವಳಿಗೆ ಅಂಥ ಯಾವ ‘ಒಂದು ದಿನ’ವೂ ಇರಲಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿ ಅವಳ ಅರ್ಧ ಆಯುಸ್ಸು ಕಳೆದಿತ್ತು. ಗೋಡೆಯ ಮೇಲಿನ ಚಿತ್ರವನ್ನು ನಿಂತು ನೋಡಿದವಳೇ ಅಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕೈ ತುರಿಸುತ್ತದೆ ಎಂದು ಮಧ್ಯಾಹ್ನ ಇವರ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದಳು. ಮೌಂಟ್ ಕತ್ತರಿಸಿದಾಗ ಬೀಳುವ ನಡುಭಾಗದ ರಟ್ಟುಗಳನ್ನು ದೊಡ್ಡವಳೇ ಒಂದು ಕಟ್ಟು ಮಾಡಿ ಕೊಟ್ಟಿದ್ದಳು, ಬೀರುವಿನ ಖಾನೆಗೆ ಹಾಸಿಕೊಳ್ಳಲಿ ಎಂದು. ಚಿಕ್ಕವಳು ಹಾಸಲಿಲ್ಲ. ಅವುಗಳ ಮೇಲೆ ಬರೆದಳು.

ಯಾರೂ ಕಲಿಸಲಿಲ್ಲ. ಸೀಸೆಯ ಮುಚ್ಚಳಗಳಲ್ಲಿ ಬಣ್ಣ ಕಲಸಿಕೊಂಡು, ನೀಲಿ ಮುಗಿದ ದಿನ ಚಿತ್ರದ ಬಕೆಟ್ಟಿಗೆ ಹಸಿರು ಬಳಿದು, ತಪ್ಪಿದ್ದನ್ನು ಒರೆಸಿ, ಒರೆಸಿದ ಕಲೆಯನ್ನೇ ನೆರಳು ಮಾಡಿ, ತನ್ನ ಪಾಡಿಗೆ ತಾನು ಬರೆದಳು. “ಕುಂಚ ತೊಳೆದ ನೀರು ಎಷ್ಟು ಒಳ್ಳೇ ಬಣ್ಣ ಅಕ್ಕಾ, ಸುಮ್ನೆ ಚೆಲ್ತಿದ್ದೆ!” ಎಂದು ಒಂದು ದಿನ ಇಸ್ತ್ರಿಪೆಟ್ಟಿಗೆಯ ಚಿತ್ರವೊಂದನ್ನು ಮುಂದೆ ಹಿಡಿದಳು. ಇಸ್ತ್ರಿಪೆಟ್ಟಿಗೆ, ಅದರ ವಯರು, ಹಿಂದೆ ಮಡಿಸಿದ ಷರ್ಟಿನ ಒಂದು ತೋಳು. ತೋಳಿನ ಮೇಲಿನ ಬೂದುಬಣ್ಣ ನೋಡಿ ದೊಡ್ಡವಳ ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟ ಹಾಗಾಯಿತು. ಆ ಬಣ್ಣ ಅವಳಿಗೆ ಗೊತ್ತು. ಹೆಸರಾದವರ ಚಿತ್ರಗಳಲ್ಲಿ ನೋಡಿ, ಇದು ಬರುವುದಕ್ಕೆ ಒಂದು ಜನ್ಮ ಬೇಕು ಎಂದುಕೊಂಡಿದ್ದಳು. ಇವಳಿಗೆ ಪಾತ್ರೆ ತೊಳೆದ ನೀರಿನ ಹಾಗೆ ಸಿಕ್ಕಿಬಿಟ್ಟಿತ್ತು.

“ಚೆನ್ನಾಗಿದೆ,” ಎಂದಿದ್ದಳು. “ಷರ್ಟಿಗೆ ಇನ್ನೊಂದು ತೋಳಿಲ್ವಾ?”

“ರಟ್ಟು ಮುಗೀತಲ್ಲ ಅಕ್ಕಾ.”

ಗಂಡ ಗರಗಸ ನಿಲ್ಲಿಸಿ ನಕ್ಕಿದ್ದ. “ಬಿಡೇ, ಒಂದು ತೋಳಿನವರು ಹಾಕ್ಕೋತಾರೆ.”

ಆ ಚಿತ್ರವೇ ಎಲ್ಲಕ್ಕೂ ಕಾರಣ. ಅದು ಅಂಗಡಿಯ ಗೋಡೆಗೆ ಒರಗಿ ನಿಂತಿದ್ದಾಗ ಗ್ಯಾಲರಿಯ ಮೇಡಂ ಬಂದರು. ತಮ್ಮ ಕಟ್ಟುಗಳನ್ನು ನೋಡುವುದು ಬಿಟ್ಟು, ಇಷ್ಟು ವಯಸ್ಸಿನವರು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು.

“ಇದು ಯಾರದು?”

“ನಮ್ಮ ಓರಗಿತ್ತೀದು. ಹೊತ್ತು ಹೋಗಲ್ಲ ಅಂತ ಏನೋ ಗೀಚ್ತಾಳೆ.”

ಮೇಡಂ ಎದ್ದು ಮಂಡಿ ಉಜ್ಜಿಕೊಂಡರು. ವಯಸ್ಸಾದ ಮೇಲೆ, ಯಾರಿಂದಲೂ ಕಲಿಯದೆ ಶುರು ಮಾಡಿದವರದ್ದೇ ಒಂದು ಪ್ರದರ್ಶನ ಮಾಡುತ್ತಿದ್ದೇನೆ ಎಂದರು. ದೊಡ್ಡ ಹಾಳೆಯಲ್ಲಿ ಒಂದು ಬರೆಯಲು ಹೇಳಿ ಎಂದರು. ಕಟ್ಟು ನೀವೇ ಹಾಕಿ ಎಂದರು. ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಇಸ್ತ್ರಿಪೆಟ್ಟಿಗೆ ನೋಡಿದರು. ದೊಡ್ಡವಳು ಎಂದಿನ ಮಾತಿಗಾಗಿ, ತಿರುಗಿ ನಗುವುದಕ್ಕೆ ಮುಖ ಸಿದ್ಧಮಾಡಿಕೊಂಡು ನಿಂತಿದ್ದಳು. ಮೇಡಂ ಆ ಮಾತು ಆಡದೆ ಹೊರಟುಹೋದರು.

ಮಾರನೆಯ ಮಧ್ಯಾಹ್ನ ಗಂಡ ಊಟಕ್ಕೆ ಹೋದವನು ಅಡ್ಡಾಗುವ ಹೊತ್ತಿಗೆ ಅವಳು ಶಟರು ಅರ್ಧ ಇಳಿಸಿ ಚಿತ್ರ ಬರೆಯಲು ಕೂತಳು. ಅಂತೂ ಕೂತಳು. ಎಲ್ಲಕ್ಕೂ ಮೊದಲು ಮೌಂಟಿನ ಬಣ್ಣ ಆರಿಸಿದಳು, ತೆಳು ಬೂದಿಯ ಬಣ್ಣ. ಒಪ್ಪವಾದ ಕಿಟಕಿ ಕತ್ತರಿಸಿದಳು. ಅದನ್ನು ಬಿಳಿ ಹಾಳೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಒಳಗೀಟು ಎಳೆದುಕೊಂಡಳು. ಆಮೇಲೆ ಆ ಗೀಟಿನೊಳಗೆ ಗೋಡೆಗೆ ಒರಗಿಸಿದ್ದ ಗಾಜಿನ ಹಾಳೆಗಳನ್ನು ಬರೆದಳು. ಎಲ್ಲ ಸರಿಯಾಗಿ ಬಂತು. ಎಡಕ್ಕಿಷ್ಟು, ಬಲಕ್ಕಿಷ್ಟು, ನಡುವೆ ಗಾಜು. ಮುಗಿಸಿ ದೂರ ನಿಂತು ನೋಡಿದಾಗ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುವವರ ತಲೆಯ ಮೇಲೆ ತೂಗುವ ಚಿತ್ರದ ಹಾಗಿತ್ತು. ಅಂಥವಕ್ಕೆ ಅವಳೇ ಎಷ್ಟು ಕಟ್ಟು ಹಾಕಿ ಕೊಟ್ಟಿದ್ದಳೋ. ಯಾರೂ ಬೈಯಲಾರದ, ಯಾರೂ ಎರಡನೆಯ ಸಲ ನೋಡಲಾರದ ಚಿತ್ರ. ಮಡಚಿ ಕಸದ ಡಬ್ಬಿಯಲ್ಲಿ ರಟ್ಟಿನ ಚೂರುಗಳ ಕೆಳಗೆ ತುರುಕಿದಳು. ಗಂಡ ಬರುವಷ್ಟರಲ್ಲಿ ಶಟರು ಎತ್ತಿದ್ದಳು.

ಈಗ ದಿಂಬಿನ ಚೀಲದೊಳಗಿಂದ ಚಿಕ್ಕವಳ ದೊಡ್ಡ ಚಿತ್ರ ಹೊರಬಂತು.

ಅದು ಈ ಅಂಗಡಿಯೇ. ಸ್ಟೂಲಿನ ಮೇಲೆ ಕೂತವರಿಗೆ ಕಾಣುವ ಹಾಗೆ. ಎಡಗಡೆ ಗಂಡನ ಗರಗಸ, ನೆಲದ ಮೇಲೆ ಮರದ ಪುಡಿ. ಆಮೇಲೆ ಗಾಜಿನ ಹಾಳೆಗಳು. ದೊಡ್ಡವಳು ಬರೆದು ಎಸೆದಿದ್ದ ಅವೇ ಗಾಜುಗಳು. ಇಲ್ಲಿ ಒಂದರೊಳಗೊಂದು ಬೀದಿಯ ಬೆಳಕು ಹೊತ್ತು ನಿಂತಿದ್ದವು. ಗೋಡೆಯ ಮೊಳೆಗಳಿಗೆ ತೂಗುಹಾಕಿದ ಖಾಲಿ ಕಟ್ಟುಗಳು ಎಲ್ಲ ಒಂದಿಷ್ಟು ಬಲಕ್ಕೆ ವಾಲಿದ್ದವು. ಮೇಜೂ ಬಲಕ್ಕೇ ಓಡುತ್ತಿತ್ತು. ಓಡಿ ಓಡಿ ಹಾಳೆಯ ಕೊನೆಯಲ್ಲಿ ಒಬ್ಬ ಹೆಂಗಸಿನ ಬಳಿ ನಿಲ್ಲುತ್ತಿತ್ತು. ಅರ್ಧ ಹೆಂಗಸು. ಒಂದು ಭುಜ, ಬ್ಲೇಡು ಹಿಡಿದ ಒಂದು ಕೈ, ಅರ್ಧ ಮುಖ.

“ಇದ್ಯಾರು?”

“ನೀವೇ ಅಕ್ಕಾ! ಗುರ್ತು ಸಿಗ್ಲಿಲ್ವಾ?”

“ಅರ್ಧ ಸಿಕ್ತು.”

ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಆ ಕಡೆಯಿಂದ ಶುರು ಮಾಡ್ಕೊಂಡು ಬಂದೆ. ನಿಮ್ಮ ಹತ್ರ ಬರೋ ಹೊತ್ತಿಗೆ ಹಾಳೆ ಮುಗೀತು.”

“ಗರಗಸ ಪೂರ್ತಿ ಇದೆ. ಮರದ ಪುಡಿ ಪೂರ್ತಿ ಇದೆ. ನಾನು ಮಾತ್ರ ಅರ್ಧ.”

“ಹಾಗಲ್ಲ ಅಕ್ಕಾ…”

“ಸುತ್ತ ಒಂದಿಷ್ಟು ಜಾಗ ಬಿಡ್ಬೇಕಮ್ಮ. ಇಷ್ಟು ದಿನ ಇಲ್ಲಿ ಕೂತಿದ್ದೀಯ, ಅಷ್ಟೂ ಕಾಣಿಸ್ಲಿಲ್ವಾ? ಮೌಂಟ್ ಎಲ್ಲಿ ಕೂರ್ಬೇಕು?”

“ಅಷ್ಟು ಹಾಳೆ ಸುಮ್ನೆ ಬಿಡೋದಾ?” ಚಿಕ್ಕವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಕಟಿಂಗಲ್ಲಿ ಒಂದು ಅಂಗುಲ ಬಟ್ಟೆ ಬಿಟ್ರೆ ಸೂಪರ್‌ವೈಸರ್ ಕೂಗಾಡ್ತಿದ್ದ. ಅಂಚಿಂದ ಅಂಚಿಗೆ ಹಚ್ಚಿ ಹಚ್ಚಿ ಅಭ್ಯಾಸ.”

ದೊಡ್ಡವಳು ಕನ್ನಡಕ ಹಾಕಿಕೊಂಡು ಬಾಗಿದಳು. ಆ ಅರ್ಧ ಮುಖದಲ್ಲಿ ಒಂದೇ ಕಣ್ಣು. ಕೈ ಬ್ಲೇಡಿನ ಮೇಲಿತ್ತು, ಕಣ್ಣು ಬ್ಲೇಡಿನ ಮೇಲಿರಲಿಲ್ಲ. ಸ್ಟೂಲಿನ ಕಡೆಗೆ, ಕೂತು ಬರೆಯುತ್ತಿದ್ದವಳ ಕಡೆಗೆ ಓರೆಯಾಗಿ ತಿರುಗಿತ್ತು. ಬೇರೆಯವರ ಮನೆಯ ತೆರೆದ ಬಾಗಿಲ ಮುಂದೆ ಹಾದುಹೋಗುವವರು ಒಳಗೆ ಹಾಯಿಸುವ ನೋಟ. ಎರಡು ಗೀಟು, ಒಂದು ಚುಕ್ಕೆ. ಅಷ್ಟರಲ್ಲಿ ಎಲ್ಲ ಇತ್ತು.

“ಹೀಗಾ ನೋಡ್ತೀನಿ ನಾನು?”

“ಹಾಗೇ ನೋಡ್ತಿದ್ರಿ ಅಕ್ಕಾ, ನಾನು ಬರೆಯೋವಾಗೆಲ್ಲ. ಕಣ್ಣೊಂದು ಬೇಗ ಬಂತು.”

ಚಿಕ್ಕವಳ ಮುಖದಲ್ಲಿ ಕುಹಕ ಇದೆಯೇ ಎಂದು ದೊಡ್ಡವಳು ಹುಡುಕಿದಳು. ಇದ್ದಿದ್ದರೆ ಒಳ್ಳೆಯದಿತ್ತು. ಒಂದು ಮಾತು ಅನ್ನಬಹುದಿತ್ತು, ಜಗಳವಾಗಿ ಮುಗಿದುಹೋಗುತ್ತಿತ್ತು. ಚಿಕ್ಕವಳು ಸ್ಟೂಲಿನ ಕೆಳಗೆ ಕಾಲಾಡಿಸುತ್ತ, ಚಹಾ ಸಿಗಬಹುದೇ ಎನ್ನುವ ಹಾಗೆ ಫ್ಲಾಸ್ಕಿನ ಕಡೆ ನೋಡುತ್ತಿದ್ದಳು.

ಅವಳು ಹೋದ ಮೇಲೆ ದೊಡ್ಡವಳು ಮೌಂಟ್ ಕತ್ತರಿಸಿದಳು. ಚಿತ್ರ ಹಿಂದಿನಿಂದ ಜಾರದ ಹಾಗೆ ಮೌಂಟಿನ ಅಂಚು ಹಾಳೆಯನ್ನು ಕಚ್ಚಿ ಹಿಡಿಯಬೇಕು. ಅದಕ್ಕೆ ಒಂದು ಉಗುರಿನಷ್ಟು ಸಾಕು. ಎಡಕ್ಕೆ ಉಗುರಿನಷ್ಟು ತೆಗೆದುಕೊಂಡಳು. ಮೇಲೆ, ಕೆಳಗೆ ಉಗುರಿನಷ್ಟು. ಬಲಕ್ಕೆ ಸ್ಕೇಲು ಇಟ್ಟು ತಡೆದಳು, ಸರಿಸಿದಳು, ಮತ್ತೆ ಸರಿಸಿದಳು. ಮೂರು ಬೆರಳು ಒಳಗೆ ಪೆನ್ಸಿಲು ಮುಟ್ಟಿಸಿದಳು. ಕಿಟಕಿಯನ್ನು ಚಿತ್ರದ ಮೇಲಿಟ್ಟಾಗ ಗರಗಸವಿತ್ತು, ಗಾಜಿತ್ತು, ಮೇಜಿತ್ತು. ಹೆಂಗಸಿರಲಿಲ್ಲ.

ಕಟ್ಟಿನ ಹಿಂದೆ ಮೊಳೆ ಹೊಡೆಯಲು ಕೂತ ಗಂಡ ಒಮ್ಮೆ ತಿರುಗಿಸಿ ನೋಡಿದ. “ಬಲಗಡೆ ಜಾಸ್ತಿ ಹೋಗಿಲ್ವೇನೇ?”

“ಹಾಳೆಯಾಚೆ ತನಕ ಬರೆದಿಟ್ಟಿದ್ದಾಳೆ ನಿಮ್ಮ ತಮ್ಮನ ಹೆಂಡ್ತಿ. ಎಲ್ಲೋ ಒಂದು ಕಡೆ ಕತ್ತರಿಸ್ಲೇಬೇಕಲ್ಲ.”

“ನನ್ನ ತಮ್ಮನ ಹೆಂಡ್ತಿ ಆಗಿಬಿಟ್ಳಾ? ನಿನ್ನೆ ತನಕ ನಿನ್ನ ಓರಗಿತ್ತಿ ಆಗಿದ್ಲು,” ಎಂದು ಗೊಣಗಿ ಅವನು ಬಾಯಲ್ಲಿದ್ದ ಮೊಳೆ ತೆಗೆದು ಹೊಡೆದ. ಮೌಂಟ್ ಅವಳ ಸೀಮೆ. ಅವನು ಅಲ್ಲಿ ಕಾಲಿಡುತ್ತಿರಲಿಲ್ಲ.

ಪ್ರದರ್ಶನದ ದಿನ ಚಿಕ್ಕವಳು ಕೂದಲಿಗೆ ಬಣ್ಣ ಹಾಕಿಕೊಂಡು, ಹೊಸ ಚಪ್ಪಲಿ ಕಚ್ಚುತ್ತಿದ್ದರೂ ಹೇಳದೆ, ತನ್ನ ಚಿತ್ರದ ಪಕ್ಕ ಕಾವಲುಗಾರ್ತಿಯ ಹಾಗೆ ನಿಂತಿದ್ದಳು. ಬಿಳಿ ಗೋಡೆಯ ಉದ್ದನೆಯ ಕೋಣೆ. ನಿವೃತ್ತ ಡ್ರೈವರೊಬ್ಬ ಬರೆದ ನಾಯಿಗಳ ಮುಂದೆ ಜನ ಗುಂಪಾಗಿದ್ದರು. ಚಿಕ್ಕವಳ ಚಿತ್ರದ ಮುಂದೆ ಬಂದವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

“ಕಟ್ಟು ಹಾಕಿದ್ಮೇಲೆ ಎಷ್ಟು ನೀಟಾಗಿ ಕಾಣುತ್ತಲ್ಲಾ ಅಕ್ಕಾ,” ಎಂದಳು ಚಿಕ್ಕವಳು. ಬಲಗಡೆಯ ಮೌಂಟಿನ ಕಡೆ ಬೆರಳು ತೋರಿಸಿ ಸೇರಿಸಿದಳು, “ನೀವು ಒಳಗೆ ಹೋಗ್ಬಿಟ್ರಿ.”

“ನಾನೇನು ನೋಡೋ ಅಂಥ ಚೆಲುವೆ, ಬಿಡು.”

ಗ್ಯಾಲರಿಯ ಮೇಡಂ ಬಂದು ನಿಂತರು. ತಲೆ ಒಂದಿಷ್ಟು ವಾರೆ ಮಾಡಿ ನೋಡಿದರು. “ಅಚ್ಚುಕಟ್ಟಾಗಿದೆ,” ಎಂದು ಚಿಕ್ಕವಳ ಬೆನ್ನು ತಟ್ಟಿದರು. ಆಮೇಲೆ ದೊಡ್ಡವಳನ್ನು ಬದಿಗೆ ಕರೆದು ದನಿ ತಗ್ಗಿಸಿದರು. “ಅದೇ ಕೈಯಾ ಇದು? ಎಲ್ಲ ಸಾಮಾನೂ ಯಾವುದೋ ಕಡೆಗೆ ನೋಡ್ತಿವೆ. ಅಲ್ಲಿಗೆ ಹೋಗಿ ನೋಡಿದ್ರೆ ಏನೂ ಇಲ್ಲ.”

ದೊಡ್ಡವಳ ನಾಲಿಗೆ ಸಲೀಸಾಗಿ ಹೊರಳಿತು. “ದೊಡ್ಡ ಹಾಳೆ ಇದೇ ಮೊದಲಲ್ವಾ ಮೇಡಂ. ಕೈ ಕೂತಿಲ್ಲ.”

“ಇರಬಹುದು.” ಮೇಡಂ ನಿಟ್ಟುಸಿರುಬಿಟ್ಟರು. ಆಮೇಲೆ ನಕ್ಕು ಅವಳ ಮೊಣಕೈ ಹಿಡಿದರು. “ನೀವು ಯಾವಾಗ ಬರೆಯೋದು? ಇಂಥ ಕಣ್ಣಿಟ್ಕೊಂಡು…”

ಆ ದಿನ ಅವಳಿಗೆ ಊಟ ರುಚಿಸಿತು. ಎರಡನೆಯ ಸಲ ಬಡಿಸಿಕೊಂಡಳು. ಕಳೆದುಹೋಗಿದ್ದ ಒಡವೆ ಅದೇ ಒಳಖಾನೆಯಲ್ಲಿ ಸಿಕ್ಕಿತ್ತು.

ಚಿತ್ರ ಯಾರೂ ಕೊಳ್ಳದೆ ವಾಪಸು ಬಂದು ಅಂಗಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತು. ಚಿಕ್ಕವಳು ಬರೆಯುವುದು ಬಿಡಲಿಲ್ಲ. ಕೆಲವು ವಾರ ಬಿಟ್ಟು ಹೊಸದೊಂದು ತಂದಳು. ಮೇಜು, ಮೇಜಿನ ಮೇಲೆ ಹೂಜಿ, ಹೂಜಿಯಲ್ಲಿ ಹೂವು. ಸುತ್ತ ನಾಲ್ಕೂ ಕಡೆ ಸ್ಕೇಲಿಟ್ಟು ಎಳೆದ ಪೆನ್ಸಿಲ್ ಗೀಟು. ಗೀಟಿನಾಚೆ ಅಗಲವಾದ ಬಿಳಿ ಅಂಚು.

“ನೋಡಿ ಅಕ್ಕಾ, ಈ ಸಲ ನಿಮ್ಗೆ ತೊಂದ್ರೆ ಇಲ್ಲ. ಮೊದ್ಲು ಗೀಟು ಹಾಕ್ಕೊಂಡೇ ಬರೆದೆ. ನನ್ನದೇ ತಪ್ಪು, ಅಂಚಿಗೆ ಬರೆಯೋಕೆ ಹೋಗಿ ನಿಮ್ಮನ್ನೇ ಕಳ್ಕೊಂಡೆ.”

ದೊಡ್ಡವಳು ಬಾಗಿ ನೋಡಿದಳು. ಉರಿಗಾಗಿ ಕಾದಳು. ಬರಲಿಲ್ಲ. ಹೂಜಿ ನಡುಮಧ್ಯದಲ್ಲಿತ್ತು, ಫೋಟೋಗೆ ಕೂತ ಮದುಮಗನ ಹಾಗೆ. “ಚೆನ್ನಾಗಿದೆ,” ಎಂದಳು. ಆ ಮಾತು ಈ ಸಲ ಸುಲಭವಾಗಿ ಬಂತು.

ಆಮೇಲೆ ಬಂದವೂ ಹಾಗೇ. ಬುಟ್ಟಿ, ಬುಟ್ಟಿಯಲ್ಲಿ ಹಣ್ಣು. ಕಿಟಕಿ, ಕಿಟಕಿಯಲ್ಲಿ ಬೆಕ್ಕು. ಪಕ್ಕದ ಅಂಗಡಿಯವರು ಮೆಚ್ಚಿದರು. ಗಂಡನೂ “ಈಗ ಪರವಾಗಿಲ್ಲಪ್ಪ, ಎಲ್ಲರಿಗೂ ಎರಡೆರಡು ತೋಳಿದೆ,” ಎಂದ. ಕುಂಚ ತೊಳೆದ ನೀರನ್ನು ಚಿಕ್ಕವಳು ಈಗ ಚೆಲ್ಲುತ್ತಿದ್ದಳು. ಪ್ರತಿಯೊಂದಕ್ಕೂ ಕೇಳುತ್ತಿದ್ದಳು: ಇದು ಸರಿ ಇದ್ಯಾ, ಅದು ಇಲ್ಲಿರಬಹುದಾ. ದೊಡ್ಡವಳು ಹೇಳುತ್ತಿದ್ದಳು, ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ. ಅವಳು ಹೇಳಿದಲ್ಲಿ ಎಲ್ಲ ಹೋಗಿ ಕೂರುತ್ತಿದ್ದವು. ಗಂಡನೂ ಮಕ್ಕಳೂ ಯಾವತ್ತೂ ಕೇಳದಷ್ಟು ಅವಳ ಮಾತು ಕೇಳುತ್ತಿದ್ದದ್ದು ಚಿಕ್ಕವಳ ಚಿತ್ರಗಳೇ.

ಆದರೆ ಅಂಗಡಿಯಲ್ಲಿ ಏನೋ ಕಮ್ಮಿಯಾಗಿತ್ತು. ಮೊದಲು ಚಿಕ್ಕವಳು ಸ್ಟೂಲಿನ ಮೇಲೆ ಕೂತು ಬರೆಯುವಾಗ ದೊಡ್ಡವಳಿಗೆ ಮೈಯೆಲ್ಲ ಕಣ್ಣಾಗಿರುತ್ತಿತ್ತು. ಈಗೇನು ನೋಡುತ್ತಿದ್ದಾಳೆ, ಏನು ಕದಿಯುತ್ತಿದ್ದಾಳೆ ಎಂದು ಅವಳ ನೋಟದ ಹಿಂದೆಯೇ ಹೋಗಿ, ಗಾಜಿನ ಮೇಲಿನ ಬೆಳಕನ್ನು, ಮರದ ಪುಡಿಯಲ್ಲಿ ಮೂಡಿದ ಗಂಡನ ಹೆಜ್ಜೆಯನ್ನು ತಾನೂ ನೋಡುತ್ತಿದ್ದಳು. ಇಷ್ಟು ವರ್ಷ ಅಲ್ಲೇ ಇದ್ದವು, ಹೊಟ್ಟೆಕಿಚ್ಚಿಲ್ಲದೆ ಕಂಡಿರಲಿಲ್ಲ. ಈಗ ಗಾಜು ಬರೀ ಗಾಜು, ಕೊಯ್ಯಬೇಕು, ಒರೆಸಬೇಕು. ಯಾರ ಚಿತ್ರ ಬಂದರೂ ಅಳತೆ ಹಿಡಿಯುವಾಗ ಆಕಳಿಕೆ ಬರುತ್ತಿತ್ತು. ಬೀರುವಿನ ಒಳಖಾನೆಯ ಒಡವೆಯ ಯೋಚನೆಯೂ ಹಿತವಾಗಿರಲಿಲ್ಲ. ಅದನ್ನು ಹಾಕಿಕೊಂಡು ನೋಡಿಯಾಗಿತ್ತಲ್ಲ, ಕಸದ ಡಬ್ಬಿಯ ದಿನ.

ಒಂದು ಮಧ್ಯಾಹ್ನ ಚಿಕ್ಕವಳು ಬರಿಗೈಯಲ್ಲಿ ಬಂದಳು. ಚಹಾ ಬಗ್ಗಿಸಿಕೊಂಡು ಲೋಟ ತಿರುಗಿಸುತ್ತ ಕೂತಳು.

“ಏನೇ, ಇವತ್ತು ಬಣ್ಣ ಇಲ್ವಾ?”

“ದರ್ಜಿ ಅಂಗಡಿಯವರು ಕಟಿಂಗಿಗೆ ಕರೀತಿದ್ದಾರೆ ಅಕ್ಕಾ. ಹಗಲೆಲ್ಲ ಇರ್ಬೇಕಂತೆ. ಹೋಗ್ಲಾ ಅಂತ.”

“ಬರೆಯೋದು?”

“ಸಾಕು ಅನ್ಸಿದೆ.” ಚಿಕ್ಕವಳು ಲೋಟದೊಳಗೆ ನೋಡುತ್ತ ಹೇಳಿದಳು. “ಗೀಟಿನೊಳಗೆ ಬರೆಯೋದು ಸುಲಭ. ಸುಲಭವಾಗಿ ಆಗುತ್ತೆ, ಆಮೇಲೆ ಬೇಜಾರು ಬರುತ್ತೆ. ಮೊದ್ಲು ಹಾಳೆ ಎಲ್ಲಿ ಮುಗಿಯುತ್ತೋ ಅಂತ ಎದೆ ಹೊಡ್ಕೊಳ್ತಿತ್ತು. ಈಗ ಶುರು ಮಾಡೋಕೆ ಮುಂಚೇನೇ ಗೊತ್ತು, ಎಲ್ಲಿ ಮುಗಿಯುತ್ತೆ ಅಂತ. ಗೊತ್ತಿಲ್ದೆ ಬರೆದ್ರೆ ತಪ್ಪಾಗುತ್ತೆ. ನನ್ನಂಥವಳಿಗಲ್ಲ ಬಿಡಿ ಅದು, ಕಲಿತವರಿಗೆ. ನೀವೇನಂತೀರ? ನೀವು ಹೋಗು ಅಂದ್ರೆ ಹೋಗ್ತೀನಿ.”

ಹೋಗು ಎನ್ನುವ ಒಂದು ಮಾತು. ಬಾಯಿ ತೆರೆದರೆ ಮುಗಿಯಿತು. ಸ್ಟೂಲು ಖಾಲಿಯಾಗುತ್ತದೆ, ಮೇಡಂ ತಿಂಗಳಿಗೊಮ್ಮೆ ಬಂದು ಎಂದಿನ ಮಾತು ಹೇಳಿ ಹೋಗುತ್ತಾರೆ, ಈ ಮನೆಯಲ್ಲಿ ಚಿತ್ರ ಬಲ್ಲವಳು ಮತ್ತೆ ಒಬ್ಬಳೇ ಆಗುತ್ತಾಳೆ. ದೊಡ್ಡವಳ ಬಾಯಿಗೆ ಅದು ಬಂದೂ ಇತ್ತು.

“ನಾಳೆ ಹೇಳ್ತೀನಿ,” ಎಂದಳು. “ಲೋಟ ತೊಳೆದಿಡು ಹೋಗುವಾಗ.”

ಚಿಕ್ಕವಳು ಹೋದ ಮೇಲೆ ಅವಳು ಮೂಲೆಯಲ್ಲಿ ಗೋಡೆ ನೋಡುತ್ತಿದ್ದ ಚಿತ್ರವನ್ನು ಎತ್ತಿ ಮೇಜಿನ ಮೇಲೆ ಬೋರಲು ಹಾಕಿದಳು. ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಎಳೆದಳು.

ಗಂಡ ತಿರುಗಿದ. “ಏನಾಯ್ತು ಅದಕ್ಕೆ?”

“ಒಳಗೆ ಧೂಳು ಕೂತಿದೆ.”

“ನಾನು ಹೊಡೆದ ಕಟ್ಟಿನೊಳಗೆ ಧೂಳಾ? ನಿನ್ನ ಕಣ್ಣಿಗೆ ಬಿದ್ದಿರ್ಬೇಕು.”

“ಇರ್ಬಹುದು. ನೀವು ನಿಮ್ಮ ಕೆಲ್ಸ ನೋಡಿ.”

ಹಿಂದಿನ ಹಲಗೆ ತೆಗೆದು, ಮೌಂಟಿನ ಅಂಟುಪಟ್ಟಿ ಬಿಡಿಸಿ, ಹಾಳೆಯನ್ನು ಮೇಲ್ಮುಖವಾಗಿ ತಿರುಗಿಸಿದಳು. ಬಲದ ಅಂಚಿನಲ್ಲಿ ಹೆಂಗಸು ನಿಂತಿದ್ದಳು. ಗರಗಸ, ಗಾಜು, ವಾಲಿದ ಕಟ್ಟುಗಳು, ಓಡುವ ಮೇಜು ಎಲ್ಲ ಒಮ್ಮೆಲೇ ಆ ಅರ್ಧ ಮುಖದ ಕಡೆಗೆ ತಿರುಗಿ ಸರಿಹೋದವು. ಆ ಒಂದು ಕಣ್ಣು ಓರೆಯಾಗಿ ನೋಡಿತು. ಇಷ್ಟು ಚೆನ್ನಾಗಿ ಯಾರೂ ಅವಳನ್ನು ಈವರೆಗೆ ಕಂಡಿರಲಿಲ್ಲ. ಕಂಡವಳು, ಕಂಡದ್ದೇ ತನಗೆ ತಿಳಿಯದ ಹಾಗೆ ಚಹಾ ಕುಡಿದು ಲೋಟ ತೊಳೆದ ಹೆಣ್ಣು. ಹೊಟ್ಟೆಯ ಬುಡದಿಂದ ಆ ಹಳೆಯ ಉರಿ ಎದ್ದು ಗಂಟಲಿಗೆ ಬಂತು. ಕಣ್ಣು ತುಂಬುವಷ್ಟು ಬಂತು. ಒಂದು ಕೈಯಿಂದ ಮೇಜು ಹಿಡಿದುಕೊಂಡು ಅವಳು ಅದು ಪೂರ್ತಿ ಬರಲು ಬಿಟ್ಟಳು.

ಕ್ಷಮೆ ಕೇಳುವ ಯೋಚನೆ ಹತ್ತಿರ ಬಂದಾಗ ಅದನ್ನು ಬದಿಗೆ ಸರಿಸಿದಳು. ಕೇಳಿದರೆ ಚಿಕ್ಕವಳು “ಅಯ್ಯೋ ಬಿಡಿ ಅಕ್ಕಾ” ಎಂದು ಕ್ಷಮಿಸಿಬಿಡುತ್ತಾಳೆ. ಅದೊಂದನ್ನು ತಡೆಯುವ ಶಕ್ತಿ ತನಗಿಲ್ಲ. ನಾಳೆ ಅವಳು ಬಂದರೆ ದರ್ಜಿ ಅಂಗಡಿ ಬೇಡ ಎನ್ನಬೇಕು. ಮೌಂಟ್ ಹಾಕುವುದು ಹಳೇ ಕಾಲದ್ದಾಯಿತು, ಇನ್ನು ನಿನ್ನವಕ್ಕೆ ಹಾಕುವುದಿಲ್ಲ, ಹಾಳೆ ಮುಗಿಯುವ ತನಕ ಬರಿ ಎನ್ನಬೇಕು. ಯಾಕೆ ಎಂದರೆ ಬೈಯಬೇಕು. ಅವಳು ಮತ್ತೆ ಬರೆಯಲಿ, ಅಂಚು ಒಡೆಯುವ ಹಾಗೆ ಬರೆಯಲಿ, ಮೇಡಂ ಬಂದು ನೆಲದ ಮೇಲೆ ಕೂರಲಿ. ತಾನು ಇಲ್ಲಿ ನಿಂತು ಬ್ಲೇಡು ಹಿಡಿದುಕೊಂಡು ಉರಿಯಬೇಕು. ಅವಳು ಎಲ್ಲಿ ನೋಡುತ್ತಾಳೋ ಅಲ್ಲಿ ನೋಡಬೇಕು. ಒಂದು ಹಾಳೆ ತೆಗೆದುಕೊಂಡು, ಗೀಟು ಎಳೆಯದೆ, ತಾನೂ ಯಾವುದಾದರೂ ಒಂದು ಅಂಚಿನಿಂದ ಶುರು ಮಾಡಬೇಕು, ಕೆಟ್ಟರೆ ಕೆಡಲಿ. ಇಷ್ಟನ್ನು ಅವಳು ಇಕ್ಕಳವನ್ನು ಡ್ರಾಯರಿನೊಳಗೆ ಇಡುವಷ್ಟರಲ್ಲಿ ನಿರ್ಧರಿಸಿದ್ದಳು.

“ರೀ, ಮೌಂಟ್ ಇಲ್ದೆ ಕೂರಿಸೋ ಆಳವಾದ ಪಟ್ಟಿ ಇದ್ಯಲ್ಲ, ಕರೀದು. ಅದನ್ನ ಕೊಯ್ದುಕೊಡಿ.”

“ಆಳದ್ದಾ? ಯಾರಿಗೆ? ಅಳತೆ ಎಷ್ಟು?”

ಅವಳು ಚಿತ್ರದ ಮೇಲೆ ಟೇಪು ಚಾಚಿದಳು. ಹಾಳೆಯ ಎಡತುದಿಯಿಂದ ಬಲತುದಿಯವರೆಗೆ, ಹೆಂಗಸಿನ ಭುಜವನ್ನೂ ದಾಟಿ, ಉಗುರಿನಷ್ಟೂ ಬಿಡದೆ ಹಿಡಿದು, ಅಳತೆ ಕೂಗಿ ಹೇಳಿದಳು.